ಫಾರ್ಮ್ಯಾಟ್ ಎನ್ನದ ರೆಹಾನಾ

ಕೋಪ ನನಗೆ ಮೂಗಿನ ತುದಿಯಲ್ಲೇ ಎಂದು ಭೀಮಸಮುದ್ರಕ್ಕೆಲ್ಲ ಗೊತ್ತು. ನನ್ನ ಝೆರಾಕ್ಸ್ ಅಂಗಡಿಗೆ ಬರುವವರು ಅದಕ್ಕೇ ಸಣ್ಣ ದನಿಯಲ್ಲಿ ಮಾತಾಡುತ್ತಾರೆ. ಆದರೆ ದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರೆಹಾನಾಳ ಮುಂದೆ ನಾನು ದನಿ ಎತ್ತುವುದಿಲ್ಲ.

ಹೋದ ವರ್ಷ ಆಯುಧಪೂಜೆ ಮುಗಿಸಿ ಅಂಗಡಿ ತೆಗೆದರೆ ಕಂಪ್ಯೂಟರಿಗೆ ಹುಚ್ಚು ಹಿಡಿದಿತ್ತು. ಆನ್ ಆಗುವುದು, ಪರದೆಯ ಮೇಲೆ ಕಂಪನಿಯ ಹೆಸರು ಮೂಡುವುದು, ಆರಿ ಮತ್ತೆ ತಾನೇ ಆನ್ ಆಗುವುದು. ನನ್ನ ಯಜಮಾನ ಮೂರ್ತಪ್ಪ ಅದರ ತಲೆಗೆ ಎರಡು ಬಾರಿಸಿಯೂ ನೋಡಿದ. ಪರಿಚಯದ ರಿಪೇರಿಯವನೊಬ್ಬ ಬಂದು, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದ. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ! ಅವನನ್ನು ಬೈದು ಕಳಿಸಿದೆ. ಅದರೊಳಗೆ ನಮ್ಮವ್ವ ಇದ್ದಳು. ಅವಳು ಹಾಡಿದ ಸೋಬಾನೆ ಪದಗಳನ್ನು ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಅವ್ವ ಹೋದಳು, ಆ ಫೋನೂ ಹಾಳಾಯಿತು. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದುರ್ಗಕ್ಕೆ ಹೋದೆ. ರೆಹಾನಾ ರೇಡಿಯೋ ರಿಪೇರಿಯ ಮೌಲಾ ಸಾಬರ ಮಗಳು. ಅಪ್ಪ ತೀರಿಕೊಂಡ ಮೇಲೆ ಅದೇ ಅಂಗಡಿ, ಅದೇ ಸ್ಟೂಲು ಅವಳದಾಗಿತ್ತು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದ ಬಂಧುಗಳೂ ಈಗ ಕೆಟ್ಟ ಕಂಪ್ಯೂಟರ್ ಹಿಡಿದು ಅವಳ ಬಾಗಿಲಿಗೇ ಬರುತ್ತಾರಂತೆ. ನಾನು ಹೋದವಳೇ, ಫಾರ್ಮ್ಯಾಟ್ ಅಂದರೆ ಜೋಕೆ ಎಂದು ಜೋರು ಮಾಡಿದೆ. ಅವಳು ಟೀ ತರಿಸಿ, ಒಳಗೆ ಏನಿದೆ ಎಂದು ಕೇಳಿದಳು. ಹೇಳುವಾಗ ನನಗೆ ಅಳು ಬಂತು.

"ನಾನು ಆ ಮಾತು ಅನ್ನಲ್ಲಕ್ಕ," ಎಂದಳು. "ಕೆಲಸ ಕಲಿಯಾವಾಗ ನಮ್ಮನೆ ಕಂಪ್ಯೂಟರ್ ನಾನೇ ಅಳಿಸ್ಬಿಟ್ಟೆ. ನಮ್ಮ ಅಬ್ಬಾ ಮಾತಾಡಿದ್ದು ಅದರಾಗಿತ್ತು."

ನನ್ನ ಜೋರೆಲ್ಲ ಅಲ್ಲೇ ಇಳಿಯಿತು.

ಅವಳು ಮೊದಲು ಮೆಮೊರಿ ಪಟ್ಟಿ ತೆಗೆದು, ಒರೆಸಿ ಹಾಕಿದಳು. ಕಂಪ್ಯೂಟರ್ ಮತ್ತೆ ಆರಿ ಹತ್ತಿತು. ಆಮೇಲೆ ಹಾಡುಗಳಿದ್ದ ಹಾರ್ಡ್ ಡಿಸ್ಕಿನ ವೈರ್ ಬಿಚ್ಚಿ ಡಿಸ್ಕನ್ನು ಪಕ್ಕಕ್ಕಿಟ್ಟು ಆನ್ ಮಾಡಿದಳು. ಆಗಲೂ ಅದೇ ಆಟ. ನನ್ನ ಜೀವ ಬಾಯಿಗೆ ಬಂತು. ಅವಳು ಮಾತ್ರ ನಕ್ಕಳು.

"ಡಿಸ್ಕ್ ಇಲ್ದಿದ್ರೂ ಹಿಂಗೇ ಆಡ್ತೈತೆ ನೋಡ್ರಿ. ಅಂದ್ರೆ ತಪ್ಪು ಡಿಸ್ಕಿಂದಲ್ಲ. ನಿಮ್ಮವ್ವ ಹುಷಾರಾಗವ್ರೆ."

ಹಾಲು ಕುಡಿದಷ್ಟು ಸಮಾಧಾನವಾಯಿತು. ಕೊನೆಗೆ ಪೆಟ್ಟಿಗೆಯ ಮುಂದಿನ ಗುಂಡಿಗಳಿಂದ ಒಳಗೆ ಹೋಗುವ ಸಣ್ಣ ವೈರುಗಳನ್ನು ಕಿತ್ತು, ಅವು ಕೂತಿದ್ದ ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿ ಆನ್ ಮಾಡಿದಳು. ಈ ಸಲ ಆರಲಿಲ್ಲ. ಮುಂದಿನ ಮುಚ್ಚಳ ಬಿಚ್ಚಿದರೆ, ಕಂಪ್ಯೂಟರನ್ನು ಆರಿಸಿ ಮತ್ತೆ ಹತ್ತಿಸುವ ರೀಸೆಟ್ ಗುಂಡಿಯ ಸುತ್ತ ಒಣಗಿದ ಗಂಧ, ಕುಂಕುಮ. ಒಳಗೆ ಸಿಕ್ಕಿಕೊಂಡ ಗುಂಡಿ ಸ್ವಲ್ಪ ಅದುರಿದರೂ ತಾನೇ ಒತ್ತಿಕೊಳ್ಳುತ್ತಿತ್ತು. ಪೂಜೆ ಮಾಡಿದ್ದು ಮೂರ್ತಪ್ಪ. ಆತನ ಭಕ್ತಿಗೆ ಗುಂಡಿ ಯಾವುದು, ಹಣೆ ಯಾವುದು ಎಂಬ ಭೇದವಿಲ್ಲ. ಮನೆಗೆ ಬರ್ಲಿ, ಮಾಡ್ತೀನಿ ಎಂದು ಹಲ್ಲು ಕಚ್ಚಿದೆ. ಅಣ್ಣನ್ನ ಬೈಬ್ಯಾಡ್ರಿ ಎಂದಳು ರೆಹಾನಾ. ಗುಂಡಿಯನ್ನು ಒರೆಸಿ ಕೂರಿಸಿ, ಪೆಟ್ಟಿಗೆಯ ನೆತ್ತಿ ತೋರಿಸಿ, ಮುಂದಿನ ವರ್ಷ ಕುಂಕುಮ ಇಲ್ಲಿ ಹಚ್ಚಲು ಹೇಳಿ ಎಂದಳು.

ಡಿಸ್ಕ್ ಮತ್ತೆ ಜೋಡಿಸಿ, ಕೇಳದೆಯೇ ಹಾಡುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿದಳು. ಬಂದಿವೆಯೋ ಇಲ್ಲವೋ ನೋಡಲು ಒಂದನ್ನು ಹಚ್ಚಿದಳು. ಅವ್ವ ಹಾಡತೊಡಗಿದಳು. ಎರಡು ಸಾಲು ಹಾಡಿ, ಹಾಡು ನಿಲ್ಲಿಸಿ, ನನ್ನ ಮೇಲೆ ರೇಗಿದಳು.

"ಅನುಸೂಯಾ, ಒಲೆ ಮ್ಯಾಲೆ ಹಾಲೈತೆ, ನೋಡೇ!"

ನಾನು ದಡಕ್ಕನೆ ಎದ್ದು ನಿಂತಿದ್ದೆ.

ಎಲ್ಲಿಯ ಒಲೆ, ಎಲ್ಲಿಯ ಹಾಲು! ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದರೆ, ರೆಹಾನಾ ಕೆಲಸ ಬಿಟ್ಟು ಸುಮ್ಮನೆ ಕೇಳುತ್ತಾ ಕುಳಿತಿದ್ದಳು.

"ಅಕ್ಕಾ," ಎಂದಳು, "ಅವ್ವ ಬೈದಿದ್ದು ಇನ್ನೊಂದ್ಸಲ ಹಾಕ್ಲಾ?"