ಬೀಟೆ ಮರದ ಕಪಾಟಿನೊಳಗೆ ಕಂಪ್ಯೂಟರ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಣಿಪಾಲದ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶಿರ್ವದಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಗುಡ್ಡ ಹತ್ತಲು ಇನ್ನೊಂದು. ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿಕೊಡುವುದು ನಮ್ಮ ಕೆಲಸ. ಮಾಲಕರು ಕಂಪ್ಯೂಟರ್ ತರಿಸಿದಾಗ ಅದನ್ನು ಕಲಿತವಳು ನಾನೊಬ್ಬಳೇ.

ಧೂಳು ಬೀಳಬಾರದೆಂದು ಮಾಲಕರು ಕಾರ್ಕಳದ ಬಡಗಿಯಿಂದ ಬೀಟೆ ಮರದ ಕಪಾಟು ಮಾಡಿಸಿದರು. ಪರದೆ, ಕೀಲಿಮಣೆ ಮೇಜಿನ ಮೇಲೆ ಉಳಿದವು; ಕಂಪ್ಯೂಟರಿನ ಪೆಟ್ಟಿಗೆ ಅದರೊಳಗೆ ಸೇರಿತು. ಮುಂದೆ ಗಾಜಿನ ಬಾಗಿಲು, ಹಿಂದೆ ವಯರು ಹೋಗುವಷ್ಟೇ ತೂತು. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು.

ಮರುದಿನವೇ ತೊಂದರೆ ಶುರುವಾಯಿತು. ಕೆಲವು ಪುಟ ಆಗುವಷ್ಟರಲ್ಲಿ ಪರದೆಯ ಮೇಲಿನ ಅಕ್ಷರಗಳು ನಿಂತಲ್ಲೇ ನಿಂತವು. ಯಾವ ಕೀಲಿ ಒತ್ತಿದರೂ ಅಲುಗಲಿಲ್ಲ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಸರಿಯಾಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

“ಎಂತ ಮಾಡಿದೆ ನೀನು? ಜೋರಾಗಿ ಕುಟ್ಟಿ ಹಾಳು ಮಾಡಿದೆ,” ಎಂದರು ಮಾಲಕರು.

“ನಾನು ಮೊದಲಿನ ಹಾಗೆಯೇ ಕುಟ್ಟುವುದು ಸರ್.”

“ಎದುರು ಮಾತು ಬೇಡ. ಮಂಗಳೂರಿನಿಂದ ಇಂಜಿನಿಯರ್ ಬರುವವರೆಗೆ ಮುಟ್ಟಬೇಡ.”

ವೈದ್ಯಕೀಯ ಓದುತ್ತಿದ್ದ ಹುಡುಗಿಯೊಬ್ಬಳು ಅರ್ಧ ಮುಗಿದ ಪ್ರಬಂಧಕ್ಕಾಗಿ ಬಂದು ಅಳುಮುಖ ಮಾಡಿ ನಿಂತಿದ್ದಳು. ತಪ್ಪು ಮಾಡದೆ ಬೈಸಿಕೊಂಡ ಸಿಟ್ಟು ನನಗಿನ್ನೂ ಆರಿರಲಿಲ್ಲ. ಮಾಲಕರು ಉಡುಪಿಗೆ ಹೋದದ್ದೇ ತಡ, ನಾನು ಕಪಾಟಿನ ಬಾಗಿಲು ತೆರೆದೆ.

ಯಂತ್ರ ಆನ್ ಮಾಡಿ ಮೊದಲು ಕರೆಂಟು ನೋಡಿದೆ. ಸ್ಟೆಬಿಲೈಜರಿನ ಮುಳ್ಳು ಸರಿಯಾಗಿಯೇ ಇತ್ತು. ಪೆಟ್ಟಿಗೆಯ ಹಿಂದಿನ ಫ್ಯಾನು ತಿರುಗುತ್ತಿತ್ತು. ಮತ್ತೆ ಯಂತ್ರ ನಿಂತ ಕೂಡಲೇ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಪ್ರೊಸೆಸರಿನ ಮೇಲೆ ಬೆರಳಿಟ್ಟೆ. ಕಾದ ಕಾವಲಿ ಮುಟ್ಟಿದಂತಾಗಿ ಕೈ ಹಿಂದೆಳೆದೆ.

ಫ್ಯಾನು ದೂಡಿದ ಬಿಸಿಗಾಳಿಗೆ ಹಿಂದಿನಿಂದ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಅದೇ ಗಾಳಿ ತಿರುಗಿ ಒಳಗೆ ಬರುತ್ತಿತ್ತು. ನಾನು ಮುಚ್ಚಳ ಹಾಕಿ ಇಡೀ ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟೆ. ಅದು ತಣಿದ ಮೇಲೆ ಟೈಪ್ ಮಾಡಲು ಕುಳಿತೆ. ಮಧ್ಯಾಹ್ನ ಕಳೆದರೂ ಅದು ನಿಲ್ಲಲಿಲ್ಲ.

ಮಾಲಕರು ಬಂದು ಬಾಗಿಲಲ್ಲೇ ಕಿರುಚಿದರು. “ಯಾರನ್ನು ಕೇಳಿ ತೆಗೆದದ್ದು? ಒಳಗಿಡು!”

“ಇಡುವುದಿಲ್ಲ ಸರ್. ಕಪಾಟಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ಒಳಗೇ ಇಡಬೇಕೆಂದಾದರೆ ಹಿಂದಿನ ಹಲಗೆ ಕೊಯ್ಯಿಸಿ.”

“ಬೀಟೆ ಮರ ಕೊಯ್ಯುವುದಾ?”

“ಹಾಗಾದರೆ ಮೇಜಿನ ಮೇಲೆಯೇ ಇರಲಿ. ನಾಳೆಯಿಂದ ನಾನು ಬರಬಾರದು ಎಂದಾದರೆ ಈಗಲೇ ಹೇಳಿ. ಈ ಹುಡುಗಿಯ ಪ್ರಬಂಧ ಮುಗಿಸಿಯೇ ಹೋಗುತ್ತೇನೆ.”

ನಾನು ಕುರ್ಚಿ ಬಿಟ್ಟು ಏಳಲಿಲ್ಲ, ಟೈಪ್ ಮಾಡುತ್ತಲೇ ಇದ್ದೆ. ಅವರು ಪರದೆಯನ್ನೂ ನನ್ನನ್ನೂ ನೋಡಿ ಒಳಗೆ ಹೋದರು. ಸಂಜೆ ಹುಡುಗಿ ಕಾಗದದ ಕಟ್ಟು ಎದೆಗವಚಿಕೊಂಡು ಹೊರಟಳು.

ಮುಂದಿನ ವಾರ ಇಂಜಿನಿಯರ್ ಬಂದರು. ಕಪಾಟು ನೋಡಿದ್ದೇ ನಕ್ಕರು. ಮಾಲಕರು ಗಂಭೀರವಾಗಿ, “ನಾವೇ ಕಂಡುಹಿಡಿದೆವು, ಗಾಳಿ ಸಾಲದೆ ಬಿಸಿಯಾಗುತ್ತಿತ್ತು,” ಎಂದರು.

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

“ನಾವಲ್ಲ ಸರ್, ನಾನು,” ಎಂದೆ.