ಮೂರು ಹಾಳೆ ಬಂದು ನಿಂತ ಪತ್ರ

ಪ್ರಿಂಟರ್ ಕೊಂಡ ದಿನದಿಂದಲೇ ನನಗೆ ಸಿಟ್ಟು ಶುರುವಾಗಿತ್ತು. ದಾಂಡೇಲಿಯ ಅಂಗಡಿಯಲ್ಲಿ ಕೇಳಬೇಕಾದದ್ದನ್ನೆಲ್ಲ ಕೇಳಿದವಳು ನಾನು. ಉತ್ತರ ಮಾತ್ರ ನನ್ನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ನಮ್ಮ ಮನೆಯವರಿಗೆ ಹೋಗುತ್ತಿತ್ತು. "ಸಾಹೇಬ್ರ, ಇದಕ್ಕ ವೈರ್ ಬೇಕಾಗಿಲ್ಲರಿ. ಮನ್ಯಾಗ ಎಲ್ಲಿ ಬೇಕಾದಲ್ಲಿ ಇಡ್ರಿ. ಐದು ಮಿನಿಟಿನ ಕೆಲಸ ಐತಿ" ಎಂದ ಅಂಗಡಿಯವನು. ನಮ್ಮ ಮನೆಯವರು ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಕಾಗದ ಎಷ್ಟು ದಪ್ಪ, ಯಾವ ಕಡೆ ನುಣುಪು ಎಂದು ಬೆರಳಲ್ಲಿ ತಿಕ್ಕಿ ಹೇಳಬಲ್ಲರು. ಅದರ ಮೇಲೆ ಅಕ್ಷರ ಹೇಗೆ ಮೂಡುತ್ತದೆ ಎಂಬ ಗೊಡವೆಗೆ ಹೋದವರಲ್ಲ. ಪ್ರಿಂಟರ್ ಬೇಕಾಗಿದ್ದದ್ದು ನನಗೆ. ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುತ್ತೇನೆ. ಅಭ್ಯಾಸದ ಹಾಳೆ ತೆಗೆಸಲು ವಾರವಾರವೂ ಝೆರಾಕ್ಸ್ ಅಂಗಡಿಯ ಮುಂದೆ ಅರ್ಧ ತಾಸು ನಿಂತು ನಿಂತು ಸಾಕಾಗಿತ್ತು.

ಐದು ಮಿನಿಟಿನ ಕೆಲಸ ಎರಡು ದಿನವಾದರೂ ಮುಗಿಯಲಿಲ್ಲ. ಫೋನಿನಲ್ಲಿ ಆ್ಯಪ್ ಹಾಕಿಕೊಂಡೆ. ಅದು ಪ್ರಿಂಟರನ್ನು ಹುಡುಕುತ್ತಿದ್ದೇನೆ ಎಂದು ತೋರಿಸಿ ಗಿರಗಿರ ತಿರುಗುತ್ತಿತ್ತು. ಪ್ರಿಂಟರ್ ಒಂದು ಮೊಳ ದೂರದಲ್ಲಿ ನೀಲಿ ದೀಪ ಮಿಣುಕಿಸುತ್ತ ಕೂತಿತ್ತು. ಜೊತೆಗೆ ಬಂದ ಪುಸ್ತಕದಲ್ಲಿ ಎಷ್ಟೋ ದೇಶಗಳ ಭಾಷೆಯಿತ್ತು, ಕನ್ನಡವೊಂದು ಇರಲಿಲ್ಲ. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಒಬ್ಬಳು ಹಿಂದಿಯಲ್ಲಿ, ಎಲ್ಲ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಅಂದಳು. ಮಾಡಿದೆ. ಮತ್ತೆ ಫೋನ್ ಮಾಡಿದರೆ ಇನ್ನೊಬ್ಬ ಅದನ್ನೇ ಹೇಳಿದ.

ನನಗೊಬ್ಬ ತಮ್ಮನಿದ್ದಾನೆ. ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ಅವ್ವನ ಜೊತೆಗಿದ್ದು ಅಪ್ಪನ ಹೊಲ ನೋಡಿಕೊಳ್ಳುತ್ತಾನೆ. ಪ್ರಿಂಟರಿನ ಸುದ್ದಿ ಕೇಳಿ ಫೋನಿನಲ್ಲೇ ಅಪ್ಪಣೆ ಕೊಟ್ಟ. "ಅಕ್ಕಾ, ನೀ ಅದನ್ನ ಮುಟ್ಟಬ್ಯಾಡ. ನಿನಗ ಆಗೂದಿಲ್ಲ ಅದು. ನಾ ಬಂದು ಮಾಡ್ತೇನಿ."

ಬಂದ. ಎರಡು ತಾಸು ಕೂತ. ನನ್ನ ಫೋನ್ ಇಸಿದುಕೊಂಡು ಏನೇನೋ ಒತ್ತಿದ, ಗುಂಡಿ ಅದುಮಿ ಹಿಡಿದ, ಪ್ರಿಂಟರನ್ನು ಬೋರಲು ಮಾಡಿ ನೋಡಿದ. ಕೊನೆಗೆ ಎದ್ದು, "ಮಷೀನಿನಾಗ ದೋಷ ಐತಿ. ವಾಪಸ್ ಕೊಟ್ಟು ಬಾ" ಎಂದು ಬೈಕ್ ಹತ್ತಿ ಹೋದ.

ನಾನು ವಾಪಸ್ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಮಕ್ಕಳು ಬರುವ ಮೊದಲು ವೈಫೈ ಡಬ್ಬಿಯನ್ನು ತಿರುವಿ ಅದರ ಹಿಂದಿನ ಸಣ್ಣ ಚೀಟಿ ಓದಿದೆ. ನಮ್ಮ ಮನೆಯ ವೈಫೈಗೆ ಎರಡು ಹೆಸರುಗಳಿದ್ದವು. ಒಂದರ ಬಾಲಕ್ಕೆ ಐದು ಎಂಬ ಅಂಕಿಯಿತ್ತು. ನನ್ನ ಫೋನ್ ಆ ಬಾಲದ ಹೆಸರಿಗೆ ಅಂಟಿಕೊಂಡಿತ್ತು, ಪ್ರಿಂಟರಿಗೆ ಇನ್ನೊಂದೇ ಗೊತ್ತಾಗುವುದು. ಫೋನನ್ನು ಇನ್ನೊಂದಕ್ಕೆ ಬದಲಿಸಿ ಗುಪ್ತಪದ ಹಾಕಿದೆ. ನೀಲಿ ದೀಪ ಮಿಣುಕುವುದು ಬಿಟ್ಟು ನಿಂತಿತು. ಏಳನೆಯ ಇಯತ್ತೆಯ ಭಿನ್ನರಾಶಿಯ ಲೆಕ್ಕಗಳು ಬೆಚ್ಚಗೆ ಹೊರಬಂದವು.

ಮುಂದಿನ ವಾರ ತಮ್ಮ ಬಂದಾಗ ಅವನ ಫೋನನ್ನೂ ನಾನೇ ಜೋಡಿಸಿ ಕೊಟ್ಟೆ. ಬೆಳೆ ವಿಮೆಯ ಅರ್ಜಿ, ಗೊಬ್ಬರದ ಅರ್ಜಿ ಎಂದು ಅವನಿಗೂ ಆಗಾಗ ಪ್ರಿಂಟ್ ಬೇಕಾಗುತ್ತಿತ್ತು. ಮೊದಲ ಹಾಳೆ ಬಂದದ್ದನ್ನು ನೋಡಿ ಅವನು ನಮ್ಮ ಮನೆಯವರ ಕಡೆ ತಿರುಗಿ, "ಅವತ್ತ ನಾ ಸೆಟ್ಟಿಂಗ್ ಸರಿ ಮಾಡಿ ಹೋಗಿದ್ನಲ್ಲ ಮಾಮಾ, ಅದಕ್ಕ ಆತು ನೋಡ್ರಿ" ಅಂದ. ನಮ್ಮ ಮನೆಯವರು ಹೂಂ ಅಂದರು. ಆ ಹೂಂ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇದಾದ ಎರಡು ತಿಂಗಳಿಗೆ ಅವ್ವನ ಫೋನ್ ಬಂತು. ಬರುವ ಸೋಮವಾರ ಹಳಿಯಾಳಕ್ಕೆ ಬಾ ಅಂದಳು. "ನನ್ನ ಪಗಾರದ್ದ ಏನೋ ಐತೆವಾ, ನಿಂದೊಂದು ಸಹಿ ಬೇಕಂತ. ಆಧಾರ ಕಾರ್ಡಿಂದ ಎರಡು ಝೆರಾಕ್ಸ್, ಎರಡು ಫೋಟೋ ತಗೊಂಡ ಬಾ." ಪಗಾರ ಅಂದರೆ ಅಪ್ಪ ಹೋದ ಮೇಲೆ ಅವಳಿಗೆ ಬರುವ ವಿಧವಾ ವೇತನ. ನಾನು ಏನೂ ಕೇಳಲಿಲ್ಲ. ಅದೇ ಪ್ರಿಂಟರಿನಲ್ಲಿ ಆಧಾರಿನ ಎರಡು ಪ್ರತಿ ತೆಗೆದು, ಫೋಟೋ ಜೊತೆಗೆ ಪಿನ್ನು ಚುಚ್ಚಿ ಕಪಾಟಿನ ಮೇಲಿಟ್ಟೆ.

ಆ ಸೋಮವಾರದ ಹಿಂದಿನ ಶನಿವಾರ ತಮ್ಮ ಮಧ್ಯಾಹ್ನದ ಊಟಕ್ಕೆ ಬಂದ. ಒಂದು ಚೀಲ ಹಸಿ ಗೋವಿನಜೋಳದ ತೆನೆ ತಂದಿದ್ದ. ಚೀಲವನ್ನು ಪಡಸಾಲೆಯಲ್ಲಿಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ನಮ್ಮ ಮನೆಯವರು ಬೆಳಗಿನ ಪಾಳಿ ಮುಗಿಸಿ ಬಂದು ಆಗಲೇ ಊಟಕ್ಕೆ ಕೂತಿದ್ದರು. ಒಳಗಿನ ಕೋಣೆಯಲ್ಲಿ ಪ್ರಿಂಟರ್ ತನ್ನಷ್ಟಕ್ಕೆ ತಾನೇ ಗುರ್ ಎಂದು ಶುರುವಾಯಿತು.

ನಾನು ಏನೂ ಕಳಿಸಿರಲಿಲ್ಲ. ಹೋಗಿ ನೋಡಿದರೆ ಮೊದಲ ಹಾಳೆ ಬಂದು ಬಿದ್ದಿತ್ತು. ಮೇಲೆ ದಪ್ಪಕ್ಷರದಲ್ಲಿ ಹಕ್ಕು ಬಿಡುಗಡೆ ಪತ್ರ. ಅದರ ಕೆಳಗೆ ನನ್ನ ಹೆಸರು, ಗಂಡನ ಹೆಸರು, ವಯಸ್ಸು, ಉದ್ಯೋಗ ಮನೆಗೆಲಸ. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಉದ್ಯೋಗ ಮನೆಗೆಲಸ. ಆಮೇಲೆ ಹೊಲದ ಸರ್ವೆ ನಂಬರು. ಆ ನಂಬರು ನನಗೆ ಚಿಕ್ಕಂದಿನಿಂದ ಬಾಯಿಪಾಠ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಹೊಲದ ಉತಾರ, ಅಂದರೆ ಪಹಣಿ, ತಂದಾಗಲೆಲ್ಲ ನನ್ನನ್ನು ಕರೆದು, ನಂಬರು ಸರಿ ಐತೇನು ನೋಡವಾ ಎಂದು ಓದಿಸುತ್ತಿದ್ದ. ತಮ್ಮ ಆಗಿನ್ನೂ ಚಡ್ಡಿ ಹಾಕುತ್ತಿರಲಿಲ್ಲ.

ಎರಡನೆಯ ಹಾಳೆ ಬಂತು. ಮದುವೆಯ ಕಾಲಕ್ಕೆ ಬಂಗಾರ, ಬಟ್ಟೆಬರೆ, ಪಾತ್ರೆಪಗಡದ ರೂಪದಲ್ಲಿ ನನ್ನ ಪಾಲನ್ನು ಪೂರ್ತಿಯಾಗಿ ಪಡೆದಿದ್ದೇನೆಂದು ಅದರಲ್ಲಿ ನಾನು ಒಪ್ಪಿಕೊಂಡಿದ್ದೆ. ಮೂರನೆಯ ಹಾಳೆಯಲ್ಲಿ ನಾನು ನನ್ನ ಖುಷಿಯಿಂದ, ತಮ್ಮನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಪತ್ರವನ್ನು ಓದಿಸಿ ಕೇಳಿ ಅರ್ಥ ಮಾಡಿಕೊಂಡು, ಎಂಬಲ್ಲಿಗೆ ಹಾಳೆ ಮುಗಿದಿತ್ತು. ಪ್ರಿಂಟರ್ ನಿಂತಿತು. ಕೆಂಪು ದೀಪ ಹತ್ತಿತು. ಟ್ರೇಯಲ್ಲಿ ಕಾಗದ ಮುಗಿದಿತ್ತು.

ಹಿತ್ತಲಲ್ಲಿ ಅವನು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ನಾನು ಕಪಾಟಿನಿಂದ ಹೊಸ ಕಟ್ಟು ತೆಗೆದು, ಒಡೆದು, ಒಂದು ಹಿಡಿ ಕಾಗದವನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ ಟ್ರೇಗೆ ಹಾಕಿದೆ. ನನ್ನ ಪಾಲು ಕಿತ್ತುಕೊಳ್ಳುವ ಪತ್ರಕ್ಕೆ ನಾನೇ ಕಾಗದ ಉಣ್ಣಿಸಿದೆ. ನಾಲ್ಕನೆಯ ಹಾಳೆ ಬಂತು. ಬರೆದುಕೊಟ್ಟವರ ಸಹಿ ಎಂದು ನನ್ನ ಹೆಸರು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿಗೆ ಒಂದು ಚೌಕ, ಕೆಳಗೆ ಸೋಮವಾರದ ತಾರೀಖು. ಕಪಾಟಿನ ಮೇಲಿದ್ದ ಆಧಾರಿನ ಪ್ರತಿಗಳತ್ತ ಕಣ್ಣು ಹೋಯಿತು. ಆಗ ಅವ್ವನ ಫೋನ್ ಅರ್ಥವಾಯಿತು.

ತಮ್ಮ ಊಟಕ್ಕೆ ಕೂತಿದ್ದ. ನಾಲ್ಕೂ ಹಾಳೆಗಳನ್ನು ಅವನ ತಾಟಿನ ಪಕ್ಕ ಇಟ್ಟೆ. ಅವನು ಬಗ್ಗಿ ನೋಡಿದ. ಅವನ ಬಾಯಿಂದ ಬಂದ ಮೊದಲ ಮಾತು, "ಇದು ಇಲ್ಲಿ ಹೆಂಗ ಬಂತು?"

ಹೇಗೆ ಬಂತು ಎನ್ನುವುದೇ ಅವನ ಚಿಂತೆ. ಹಿಂದಿನ ದಿನ ಹಳಿಯಾಳದಲ್ಲಿ ನೋಂದಣಿ ಪತ್ರ ಬರೆಯುವವನು ಅದನ್ನು ಅವನ ಫೋನಿಗೆ ಕಳಿಸಿದ್ದನಂತೆ. ಇವನು ಅಲ್ಲೇ ಕೂತು ಪ್ರಿಂಟ್ ಒತ್ತಿದ್ದನಂತೆ, ಏನೂ ಬರಲಿಲ್ಲವಂತೆ, ಬಿಟ್ಟು ಎದ್ದನಂತೆ. ಅವನ ಫೋನಿಗೆ ಗೊತ್ತಿದ್ದ ಪ್ರಿಂಟರ್ ಒಂದೇ, ನನ್ನದು. ಫೋನ್ ರಾತ್ರಿಯೆಲ್ಲ ಪತ್ರವನ್ನು ಹಿಡಿದುಕೊಂಡು ಕಾದಿದ್ದು, ನಮ್ಮ ಮನೆಯ ವೈಫೈ ಸಿಕ್ಕ ಕೂಡಲೇ ಒಪ್ಪಿಸಿತ್ತು.

"ಸೋಮವಾರ ನಾ ಯಾವುದಕ್ಕ ಸಹಿ ಮಾಡೂದಿತ್ತು? ಅವ್ವನ ಪಗಾರಕ್ಕೋ ಇದಕ್ಕೋ?" ಎಂದು ಕೇಳಿದೆ.

"ಇದ ಬರೇ ಕಚ್ಚಾ ಪ್ರತಿ ಅಕ್ಕಾ. ಹೇಳಬೇಕಂತನ ಇವತ್ತ ಬಂದಿದ್ದೆ."

"ಹೇಳಾಕ ಬಂದಿದ್ದಿ? ಹಂಗಾರ ಅವ್ವನ ಕಡಿಂದ ಸುಳ್ಳು ಯಾಕ ಹೇಳಿಸಿದಿ?"

"ಸುಳ್ಳಲ್ಲ ಅದು. ಆಫೀಸಿಗೆ ಬಂದ ಮ್ಯಾಲ ಹೇಳಿದ್ರಾತು ಅಂತ ಅವ್ವನೇ ಅಂದ್ಲು. ಹೊಲದಾಗ ದುಡಿಯಾಂವ ನಾ. ನೀ ದಾಂಡೇಲ್ಯಾಗ ಕುಂತು ಏನ ಮಾಡಾಕಿ ಹೊಲಾ?"

ನಮ್ಮ ಮನೆಯವರು ತಲೆ ಎತ್ತಿ, "ಊಟ ಮುಗೀಲಿ. ಆಮ್ಯಾಲ ಮಾತಾಡ್ರಿ" ಎಂದರು. ತಮ್ಮನ ಮೇಲಿದ್ದಷ್ಟೇ ಸಿಟ್ಟು ಆ ಗಳಿಗೆಯಲ್ಲಿ ಅವರ ಮೇಲೂ ಬಂತು. "ನೀವು ಸುಮ್ಮನ ಉಣ್ರಿ" ಅಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಗೆ ಹಾಗೆ ಅಂದದ್ದು ಅದೇ ಮೊದಲು. ಅವರು ಸುಮ್ಮನೆ ಉಂಡರು.

ತಮ್ಮನೂ ಊಟ ಬಿಡಲಿಲ್ಲ. ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಅವನು ರೊಟ್ಟಿ ಮುಗಿಸಿ ಅನ್ನಕ್ಕೆ ತಾಟು ಸರಿಸಿದ. ಸಾರು ಬೇಕೆಂದು ಬಟ್ಟಲು ಮುಂದೆ ಹಿಡಿದ. ನಾನು ಹಾಕಿದೆ. ಅವನಿಗೆ ಸಾರು ಹಾಕಿದ ನನ್ನ ಕೈಯ ಮೇಲೆ ಬಂದಷ್ಟು ಸಿಟ್ಟು ನನಗೆ ಇನ್ನಾರ ಮೇಲೂ ಬಂದಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ. "ಹಂಗಾರ ಸೋಮವಾರ ಬರೂದಿಲ್ಲೇನು?"

"ಬರ್ತೇನಿ" ಅಂದೆ.

ಮೊದಲೇ ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆಯಲ್ಲ ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಸಮಾಧಾನ ಮಾಡಲು ನೋಡಿದ್ದಾರೆ. ಹೌದು ಅನ್ನಿಸಿಕೊಂಡರೆ ಅವರಿಗೂ ಹಗುರವಾಗುತ್ತದೆ. ನಾನು ಹಾಗೆ ಅಂದಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ. ಕೊಡುವುದಿಲ್ಲ ಎಂದು ಮುಖ ನೋಡಿ ಹೇಳುತ್ತಿದ್ದೆ, ಅವನು ಜಗಳವಾಡುತ್ತಿದ್ದ, ಅಕ್ಕತಮ್ಮಂದಿರಲ್ಲಿ ಆಗುವಂಥ ಜಗಳ ಆಗಿಹೋಗುತ್ತಿತ್ತು. ಅಷ್ಟೂ ಅವನಿಗೆ ಬೇಡವಾಗಿತ್ತು. ಅವನಿಗೆ ಬೇಕಾಗಿದ್ದದ್ದು ನನ್ನ ಹೆಬ್ಬೆಟ್ಟು.

ಭಾನುವಾರ ಫೋನಿನಲ್ಲೇ ಒಂದು ಅರ್ಜಿ ಬರೆದೆ. ತೀರಿಕೊಂಡ ನಮ್ಮ ತಂದೆಯವರ ಹೊಲಕ್ಕೆ ಅವರ ಹೆಂಡತಿ, ಮಗಳು, ಮಗ, ಈ ಮೂವರ ಹೆಸರನ್ನೂ ವಾರಸುದಾರರೆಂದು ಸೇರಿಸಬೇಕು ಎಂಬ ನಾಲ್ಕು ಸಾಲು. ಒಂದು ಅಕ್ಷರವೂ ತಪ್ಪದಂತೆ ಮೂರು ಸಲ ಓದಿ ಪ್ರಿಂಟ್ ತೆಗೆದೆ. ನಮ್ಮ ಮನೆಯವರು ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿ, "ನಾನೂ ಬರಲೇನು?" ಎಂದರು. ಬೇಡ ಅಂದೆ. ಮಕ್ಕಳಿಗೆ ಸೋಮವಾರ ಪಾಠವಿಲ್ಲ ಎಂದು ಹೇಳಿ ಕಳಿಸಿ, ಬೆಳಗಿನ ಬಸ್ಸಿಗೆ ಒಬ್ಬಳೇ ಹಳಿಯಾಳಕ್ಕೆ ಹೋದೆ.

ಮೊದಲು ಅರ್ಜಿ ಕೊಡುವ ಕಚೇರಿಗೆ ಹೋದೆ. ನನ್ನ ಹತ್ತಿರವಿದ್ದ ಅಪ್ಪನ ಮರಣದ ದಾಖಲೆ, ಅಲ್ಲೇ ತೆಗೆಸಿದ ಉತಾರ, ಆಧಾರು ಎಲ್ಲ ಕೊಟ್ಟು ಸ್ವೀಕೃತಿಯ ಚೀಟಿ ಇಸಿದುಕೊಂಡೆ. ಆಮೇಲೆ ಪತ್ರ ನೋಂದಣಿಯಾಗುವ ಕಚೇರಿಗೆ ನಡೆದೆ. ಹೊರಗಿನ ಬೆಂಚಿನ ಮೇಲೆ ಅವ್ವ ಹೊಸ ಸೀರೆ ಉಟ್ಟು ಕೂತಿದ್ದಳು. ತಮ್ಮ ಆಚೆ ಪತ್ರ ಬರೆಯುವವನ ಜೊತೆ ಮಾತಾಡುತ್ತ ನಿಂತಿದ್ದ. ನಾನು ಬರ್ತೇನಿ ಅಂದಿದ್ದನ್ನು ಅವನು ಒಪ್ಪಿಗೆ ಎಂದೇ ತಿಳಿದುಕೊಂಡಿದ್ದ.

ಅವ್ವನ ಪಕ್ಕ ಕೂತು ಸ್ವೀಕೃತಿಯ ಚೀಟಿ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಏನೆಂದು ಬಾಯಲ್ಲಿ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿನಗೇನ ಕಡಿಮಿ ಆಗಿತ್ತವಾ?" ಅಂದಳು.

"ಏನೂ ಕಡಿಮಿ ಆಗಿಲ್ಲ ಅವ್ವಾ."

"ಮತ್ತ ಯಾಕ ಹಿಂಗ ಮಾಡಿದಿ? ಅವನ ಮಕಾ ಆದ್ರೂ ನೋಡಬಾರದೇನು?"

ನಾನು ಅವನ ಮುಖ ನೋಡಲಿಲ್ಲ. "ನನ್ನ ಮಕಾ ನೋಡಬೇ" ಅಂದೆ. ಅವ್ವ ನೋಡಲಿಲ್ಲ. "ನೀ ನನಗ ಸುಳ್ಳು ಹೇಳಿ ಕರಸ್ದಿ. ನಿನ್ನ ಪಗಾರ ನಿಂತೀತು ಅಂತ ಅಂಜಿ ಎರಡು ಪ್ರತಿ ಕೇಳಿದ್ರ ನಾಕು ತಗೊಂಡು ಬರೂಣು ಅಂತಿದ್ದೆ ನಾ."

"ಅಂವ ಹೇಳು ಅಂದ, ನಾ ಹೇಳಿದೆ" ಎಂದಳು ಅವ್ವ. ಪತ್ರ ಬರೆಯುವವನು ಬಂದು, "ಒಳಗ ಬರ್ರಿ ಅಕ್ಕಾರ, ಪಾಳಿ ಬಂತು" ಅಂದ. "ನಾ ಸಹಿ ಮಾಡೂದಿಲ್ಲರಿ. ನನ್ನ ಉದ್ಯೋಗಾನೂ ತಪ್ಪು ಬರದೀರಿ" ಎಂದು ಅವನಿಗೆ ಹೇಳಿ ಎದ್ದು ಬಸ್ ನಿಲ್ದಾಣಕ್ಕೆ ಬಂದೆ.

ಕೆಲವು ತಿಂಗಳ ಮೇಲೆ ಉತಾರದಲ್ಲಿ ಮೂವರ ಹೆಸರೂ ಬಂದವು. ಹೊಲ ಈಗಲೂ ತಮ್ಮನೇ ಮಾಡುತ್ತಾನೆ, ಬೆಳೆಯಲ್ಲಿ ನಾನು ಏನೂ ಕೇಳಿಲ್ಲ. ಅವನು ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾನೆ. ಅವ್ವ ಫೋನ್ ಮಾಡಿದಾಗ ಮಂಡಿ ನೋವಿನ ಸುದ್ದಿ ಹೇಳುತ್ತಾಳೆ, ಮಳೆಯ ಸುದ್ದಿ ಹೇಳುತ್ತಾಳೆ, ಆ ಸೋಮವಾರದ ಮಾತು ತೆಗೆಯುವುದಿಲ್ಲ. ತೆಗೆದರೆ ಏನು ಹೇಳಬೇಕೆಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಯಾರಿಗೂ ಹೇಳದೆ ತೇರಗಾಂವಕ್ಕೆ ಹೋಗಿ ಬಂದೆ. ಮನೆಗೆ ಹೋಗಲಿಲ್ಲ, ನೇರ ಹೊಲಕ್ಕೆ ಹೋದೆ. ಅಪ್ಪ ಹೋದ ಮೇಲೆ ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಬದುವಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಆಚೆ ಮೂಲೆಯಲ್ಲಿ ಪಂಪಿನ ಹತ್ತಿರ ತಮ್ಮ ಬಗ್ಗಿ ಏನೋ ಬಿಚ್ಚುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಬರಲಿಲ್ಲ. ನಾನೂ ಅವನ ಕಡೆ ಹೋಗಲಿಲ್ಲ. ನನಗೆ ಸಾಕು ಅನ್ನಿಸುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ರಸ್ತೆಗೆ ಬಂದು ಬಸ್ಸು ಹಿಡಿದೆ.