ಶರಾವತಿಯ ದಡದಲ್ಲಿ ಗುಡುಗಿಗೆ ಕಾದ ಒಂದು ಗಂಟೆ

ಭಟ್ಕಳದಿಂದ ನಾನು ಹೊರಟದ್ದು ಮೇ ತಿಂಗಳ ಒಂದು ದಿನ, ಬೆಳಗಿನ ಹನ್ನೊಂದರ ಬಸ್ಸಿಗೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಹವಾಮಾನ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ ನನಗೆ ಎರಡು ವರ್ಷವಾಗಿತ್ತು. ಮಳೆಗಾಲಕ್ಕೆ ಮುಂಚೆ ಮಧ್ಯಾಹ್ನದ ಹೊತ್ತು ಘಟ್ಟದ ಮೇಲೆ ಕಟ್ಟುವ ಗುಡುಗು ಮೋಡಗಳಲ್ಲಿ ಯಾವುದು ಕರಾವಳಿಗೆ ಇಳಿದು ಬರುತ್ತದೆ, ಯಾವುದು ಅಲ್ಲೇ ಕರಗುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ? ನಮ್ಮ ಸಂಶೋಧನೆ ಇಷ್ಟೇ. ಅದಕ್ಕಾಗಿ ಊರೂರಿನ ಶಾಲಾ ಮಾಸ್ತರರಿಗೆ, ಟಪಾಲು ಕಚೇರಿಯವರಿಗೆ ಕಾರ್ಡು ಹಂಚುತ್ತಿದ್ದೆ: ಮೊದಲ ಗುಡುಗು ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಕೇಳಿತು, ಬರೆದಿಡಿ ಎಂದು.

ಬಸ್ಸು ಮುರ್ಡೇಶ್ವರ, ಮಂಕಿ ದಾಟುವಾಗ ಕಿಟಕಿಯ ಒಂದು ಕಡೆ ಸಮುದ್ರ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಸೆಕೆಗೆ ಬಸ್ಸಿನಲ್ಲಿ ಎಲ್ಲರಿಗೂ ಅರೆನಿದ್ದೆ. ಪಕ್ಕದಲ್ಲಿ ಕೂತಿದ್ದ ಭಟ್ಕಳದ ಮೈಮೂನಾಬಿ ಎಂಬ ಹಿರಿಯ ಹೆಂಗಸು ಮಾತ್ರ ಎಚ್ಚರವಾಗಿದ್ದರು. ಅವರ ಮಗಳು ಕುಮಟೆಯಲ್ಲಿ ಗಂಡನ ಮನೆಯಲ್ಲಿದ್ದಳು. ಬಾಣಂತನಕ್ಕೆ ತವರಿಗೆ ಕರೆತರಬೇಕೆನ್ನುವಷ್ಟರಲ್ಲಿ, ದಿನಕ್ಕೆ ಮೊದಲೇ ನೋವು ಶುರುವಾಗಿದೆ ಎಂದು ಸುದ್ದಿ ಬಂದಿತ್ತು. ತಮ್ಮನನ್ನು ಜೊತೆಗೆ ಕರೆದುಕೊಂಡು ಹೊರಟಿದ್ದರು. "ಚೊಚ್ಚಲು ನೋಡಿ. ನಾನು ಹತ್ರ ಇದ್ರೆ ಅವಳಿಗೆ ಧೈರ್ಯ" ಎಂದರು.

ಎರಡು ಗಂಟೆಗೆ ಕಾಸರಕೋಡು. ಶರಾವತಿ ಸಮುದ್ರ ಸೇರುವ ಜಾಗ ಅದು. ಆಚೆ ದಡದಲ್ಲಿ ಹೊನ್ನಾವರ. ಸೇತುವೆ ಇರಲಿಲ್ಲ, ದೋಣಿಯಲ್ಲೇ ದಾಟಬೇಕು. ಹೊಳೆ ಅಲೆಯೇ ಇಲ್ಲದೆ ಬೆಳ್ಳಿಯ ತಗಡಿನಂತೆ ಮಲಗಿತ್ತು. ಪೂರ್ವಕ್ಕೆ, ಗೇರುಸೊಪ್ಪೆಯ ಕಡೆ, ಮೋಡವೊಂದು ಹಾಲಿನ ಕೊಪ್ಪರಿಗೆ ಉಕ್ಕಿದಂತೆ ಏರಿ ನೆತ್ತಿಯಲ್ಲಿ ಚಪ್ಪಟೆಯಾಗಿ ಹರಡಿತ್ತು. ಅದರ ಹೊಟ್ಟೆ ಕಡುನೀಲಿ. ಎಲ್ಲರೂ ದೋಣಿ ಹತ್ತಿದ ಮೇಲೆ ನಾನು ಚೀಲದಿಂದ ಗಾಳಿಯ ತೇವ ಅಳೆಯುವ ಉಷ್ಣಮಾಪಕ ತೆಗೆದು, ಹಿಡಿ ಹಿಡಿದು ಗಿರಗಿರನೆ ತಿರುಗಿಸಿದೆ.

ದೋಣಿಯ ಮಾದೇವ ಅಂಬಿಗ ಹುಟ್ಟು ಹಿಡಿದವನು ನಿಂತುಬಿಟ್ಟ. "ಅಕ್ಕೋರೇ, ಎಂತ ಅದು?"

ಹೇಳಿದೆ. ಆತ ಮೋಡವನ್ನೂ ನನ್ನನ್ನೂ ನೋಡಿದ. "ಹಂಗಾರೆ ಬರ್ತದ್ಯೋ ಇಲ್ವೋ? ಅಷ್ಟು ಹೇಳಿ."

ಹಾಗೆ ನೇರವಾಗಿ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕಚೇರಿಯಲ್ಲಿ ನಾವು ಗುಡುಗು ಬಂದುಹೋದ ಮೇಲೆ ಲೆಕ್ಕ ಹಾಕುವವರು. ತೇವ ಹೆಚ್ಚಿತ್ತು, ಗಾಳಿ ಸತ್ತಿತ್ತು, ದೂರದಲ್ಲಿ ಒಂದು ಗುಡುಗೂ ಉರುಳಿತು. "ಬರುತ್ತದೆ. ಅರ್ಧ ಗಂಟೆಯೊಳಗೆ" ಎಂದೆ.

ಮಾದೇವ ಹುಟ್ಟನ್ನು ಕೆಳಗಿಟ್ಟ. "ಎಲ್ಲರೂ ಇಳೀರಿ. ಮಳೆ ಕಳದ ಮೇಲೆ ಹೋಗೂದು."

ಮೈಮೂನಾಬಿ ನನ್ನತ್ತ ತಿರುಗಿದರು. "ಮೂರರ ಕುಮಟೆ ಬಸ್ಸು ತಪ್ತದಲ್ಲ ಬಾಯಿ?" ನಾನು ಮೋಡವನ್ನೇ ತೋರಿಸಿದೆ. ಅವರು ಗಂಟುಗಳನ್ನೆತ್ತಿಕೊಂಡು ಇಳಿದರು.

ಗಾಳಿಮರಗಳ ಕೆಳಗೆ ಮರಳಿನ ಮೇಲೆ ಕೂತೆವು. ಆ ಒಂದು ಗಂಟೆ ಈಗಲೂ ನನಗೆ ಎಚ್ಚರದಲ್ಲಿ ಕಂಡ ಕನಸಿನಂತಿದೆ. ತರಕಾರಿ ಬುಟ್ಟಿ ಇಳಿಸಿದ ಇಬ್ಬರು ಒಕ್ಕಲಗಿತ್ತಿಯರು ಮೆಲ್ಲಗೆ ಹಾಡತೊಡಗಿದರು. ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬಳು ಎತ್ತಿಕೊಳ್ಳುವಳು. ಬೆಳಕು ಹಳದಿಯಾಯಿತು, ಮತ್ತೆ ಹಸಿರಾಯಿತು. ಹೊಳೆಯ ಮೇಲ್ಗಡೆ, ಬಹು ದೂರದಲ್ಲಿ, ಮಳೆ ಬೂದಿ ಬಣ್ಣದ ಸೆರಗಿನಂತೆ ಇಳಿಯುವುದು ಕಂಡಿತು. ಸೆರಗು ಉತ್ತರಕ್ಕೆ ಸರಿಯಿತು, ತೆಳುವಾಯಿತು, ಇಲ್ಲವಾಯಿತು. ನಮ್ಮ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮೂರೂಕಾಲಿಗೆ ಬಿಸಿಲು ಮತ್ತೆ ಬಂತು.

ದೋಣಿ ಹೊರಟಾಗ ನಾನು ಮಾದೇವನ ಹತ್ತಿರ ಕೂತು, "ನನ್ನದು ತಪ್ಪಾಯಿತು" ಎಂದೆ.

"ತಪ್ಪಿದ್ರೆ ತಪ್ತು, ಆತು" ಎಂದ ಆತ, ಹುಟ್ಟು ಹಾಕುತ್ತಲೇ. "ನನ್ನ ತಮ್ಮ ಇಂಥದೇ ಮೋಡ ಕಂಡು, ಬರೂದಿಲ್ಲ ಅಂತ ದೋಣಿ ಬಿಟ್ಟ. ಅವಂದೂ ತಪ್ಪೇ. ದೋಣಿ ಸಿಕ್ತು, ಅವ ಸಿಕ್ಕಲಿಲ್ಲ."



ಹೊನ್ನಾವರದಲ್ಲಿ ಐದರ ಬಸ್ಸು ಸಿಕ್ಕಿತು. ಹಳದೀಪುರದ ತೆಂಗಿನ ತೋಟಗಳನ್ನು ದಾಟಿ ಹನ್ನೆರಡು ಮೈಲಿ ಹೋಗಲು ಒಂದು ಗಂಟೆ. ಕುಮಟೆಯಲ್ಲಿ ಇಳಿದಾಗ ಮೈಮೂನಾಬಿಯ ಗಂಟೊಂದನ್ನು ಹಿಡಿದು ನಾನೂ ಮನೆಯವರೆಗೆ ಹೋದೆ. ಬಾಗಿಲಲ್ಲೇ ಅಳಿಯ ನಗುತ್ತಾ ನಿಂತಿದ್ದ. ಹೆಣ್ಣು ಮಗು, ಐದು ಗಂಟೆಗೆ ಹುಟ್ಟಿತಂತೆ. ತಾಯಿ ಮಗು ಕ್ಷೇಮ. ಮೂರರ ಬಸ್ಸು ಹಿಡಿದಿದ್ದರೆ ನಾವು ನಾಲ್ಕಕ್ಕೇ ಆ ಬಾಗಿಲಲ್ಲಿರುತ್ತಿದ್ದೆವು. ನಾನು ಗಂಟನ್ನು ಜಗಲಿಯ ಮೇಲಿಟ್ಟು ಬಂದುಬಿಟ್ಟೆ. ರಾತ್ರಿ ಪ್ರವಾಸಿ ಬಂಗಲೆಯಲ್ಲಿ ಉಳಿದೆ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿಗೆ ಮೊದಲು, ಕಾಲು ಹಿಂಜರಿದರೂ, ಆ ಮನೆಗೆ ಮತ್ತೆ ಹೋದೆ. ಮೈಮೂನಾಬಿ ನನಗೆ ಶರಬತ್ತು ಕೊಟ್ಟರು, ಮಗುವನ್ನು ತಂದು ತೋರಿಸಿದರು. ಆಮೇಲೆ ಹೇಳಿದರು: "ಕಡೇಗೆ ಮಗಳು ನನ್ನನ್ನೇ ಕರೆದು ಕೂಗಿದ್ಳಂತೆ. ನಾನು ಮರಳ ಮೇಲೆ ಕೂತು ಹಾಡು ಕೇಳ್ತಾ ಇದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಕ್ಷಮಿಸಿ, ಬೀಬಿ. ನಾನು ಖಂಡಿತ ಎಂಬಂತೆ ಹೇಳಬಾರದಿತ್ತು" ಎಂದೆ.

ಅವರು ಮಗುವಿನ ಮುಷ್ಟಿಯನ್ನು ಬಿಡಿಸಿ, ಮತ್ತೆ ಮಡಿಸಿ, ಹಿತ್ತಲಿನ ಕಡೆ ನೋಡಿದರು. ಅಲ್ಲಿ ಹಗ್ಗದ ಮೇಲೆ ಬಾಣಂತಿಯ ಬಟ್ಟೆ, ಮಗುವಿನ ತುಂಡುಬಟ್ಟೆಗಳು ಒಣಗುತ್ತಿದ್ದವು.

"ಇವತ್ತು ಮಳೆ ಬರ್ತದ್ಯಾ?"

ಅಂಗಳಕ್ಕಿಳಿದು ನೋಡಿದೆ. ಘಟ್ಟದ ಮೇಲೆ ಹತ್ತಿಯಂಥ ಎರಡು ಎಳೆ. ಈ ಸಲ ಅವಸರಪಡಲಿಲ್ಲ. "ಬಂದರೂ ಬರಬಹುದು. ನನಗೆ ಖಂಡಿತ ಗೊತ್ತಿಲ್ಲ."

"ಅಷ್ಟು ಸಾಕು" ಎಂದು ಮೈಮೂನಾಬಿ ಮಗುವನ್ನು ನನ್ನ ಕೈಗಿಟ್ಟು, ಹಿತ್ತಲಿಗೆ ಹೋಗಿ, ಒಂದೊಂದಾಗಿ ಬಟ್ಟೆಗಳನ್ನು ತೆಗೆಯತೊಡಗಿದರು.